ಮರದ ಮೇಲಿನ ಕೂಗು

ನೊಣವಿನಕೆರೆ ಕಡೆಯಿಂದ ನಮ್ಮ ತೋಟಕ್ಕೆ ತೆಂಗಿನಕಾಯಿ ಕೀಳಲು ಬರುತ್ತಿದ್ದ ಆತ, ಮರದ ತುದಿ ಮುಟ್ಟಿದ ಕೂಡಲೇ ಕಾಯಿಗೆ ಕೈ ಹಾಕುತ್ತಿರಲಿಲ್ಲ. ಗರಿ ಹಿಡಿದು ನಿಂತು, ಕಣ್ಣು ಕಿರಿದು ಮಾಡಿ ಸುತ್ತಲಿನ ತೋಟಗಳನ್ನೆಲ್ಲ ನೋಡುತ್ತಿದ್ದ. ಯಾರ ಮರದ ಸುಳಿ ಬಾಡಿದ್ದರೂ ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. "ಕೆಳಗಿರೋರಿಗೆ ಕಾಣಲ್ಲ ಕಣಪ್ಪ, ಕಂಡೋರು ಕೂಗ್ಬೇಕು" ಎನ್ನುವುದು ಆತನ ಮಾತು. ಕೆಳಗೆ ನಿಂತ ನನಗೆ, ಮುಂದಿನ ಕೂಗು ನಮ್ಮ ಮರದ್ದೇ ಆದೀತೆಂಬ ಭಯ.

ಒಂದು ಸಂಜೆ ಕಾಯಿ ರಾಶಿ ಹಾಕುತ್ತಿದ್ದಾಗ, ಬಾಹ್ಯಾಕಾಶ ನಿಲ್ದಾಣ ಹೊಳೆಯುವ ಚುಕ್ಕಿಯಾಗಿ ತೋಟದ ಮೇಲೆ ಹಾದುಹೋಯಿತು. ಅದರೊಳಗೆ ಜನ ಇದ್ದಾರೆ, ಭೂಮಿಯ ಕೆರೆ, ಕಾಡು, ಹೊಗೆ ಎಲ್ಲದರ ಫೋಟೊ ತೆಗೆಯುತ್ತಾರೆ ಎಂದೆ.

ಆತ ಕತ್ತೆತ್ತಿ ನೋಡಿದ. "ಕೆಟ್ಟಿರೋದು ಕಂಡ್ರೆ ಕೂಗ್ತಾರಾ?"

"ಕೂಗ್ತಾನೇ ಇದ್ದಾರೆ ಅಣ್ಣ. ಕಾಡು ಕಮ್ಮಿ ಆಗ್ತೈತೆ, ಹಿಮ ಕರಗ್ತೈತೆ ಅಂತ."

"ಕೆಳಗಿಂದ ಯಾರಾದ್ರೂ ಓ ಅಂದ್ರಾ?"

ನಾನು ಇನ್ನೊಂದು ಕಾಯಿ ಎತ್ತಿ ರಾಶಿಗೆ ಹಾಕಿದೆ. ಚುಕ್ಕಿ ಮರೆಯಾದ ಮೇಲೂ ಆತ ಕತ್ತು ಇಳಿಸಲಿಲ್ಲ.

ಅಂದಿನಿಂದ, ತಾನು ಕೂಗಿದ್ದಕ್ಕೆ ಕೆಳಗಿನಿಂದ ಯಾರಾದರೊಬ್ಬರು ಓ ಅನ್ನುವ ತನಕ ಆತ ಮರ ಇಳಿಯುತ್ತಿರಲಿಲ್ಲ.