ಶಿವಗಂಗವ್ವ ಕಣ್ಣು ಮುಚ್ಚಿ ಕೂತದ್ದು

ಮಾವನ ಕೋಣೆಯ ಬಾಗಿಲಿಗೆ ಒಂದು ಮೊಳೆ ಇತ್ತು, ಮೊಳೆಗೆ ಒಂದು ಬಟ್ಟೆಯ ಮಾಸ್ಕ್ ನೇತಾಡುತ್ತಿತ್ತು. ಒಳಗೆ ಹೋಗುವವರು ಹಾಕಿಕೊಂಡೇ ಹೋಗಬೇಕೆಂಬುದು ಮನೆಯ ನಿಯಮ. ನಿಯಮವನ್ನು ಎಲ್ಲರೂ ಸೇರಿ ಮಾಡಿದ್ದರು. ಒಳಗೆ ಹೋಗುವವಳು ಮಾತ್ರ ಶಿವಗಂಗವ್ವ ಒಬ್ಬಳೇ.

ಮಾವ ರಾಮಲಿಂಗಪ್ಪ ಈ ಮರಾಠಿ ಊರಿಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ ಮುದುಕರಾದವರು. ದೊಡ್ಡ ರೋಗದ ವರ್ಷ ಅವರೂ ಆಸ್ಪತ್ರೆ ಸೇರಿ ಬದುಕಿ ಬಂದರು, ಆದರೆ ಶ್ವಾಸಕೋಶ ಅರ್ಧಕ್ಕರ್ಧ ಹೋಗಿತ್ತು. ಮನೆಯವರ ಒಂದು ನೆಗಡಿ ಸಾಕು, ಮತ್ತೆ ಆಸ್ಪತ್ರೆ ಸೇರಬೇಕಾದೀತು ಎಂದು ಡಾಕ್ಟರು ಹೇಳಿದ್ದರು. "ಎಲ್ಲಾರೂ ಮಾಸ್ಕ್ ಹಾಕ್ಕೋತೀವ್ರಿ" ಎಂದು ಮಗ ಬಸವಪ್ರಭು ಅಲ್ಲೇ ಮಾತು ಕೊಟ್ಟ. ಬರುವಾಗ ಮೂರು ಮಾಸ್ಕ್ ಕೊಂಡೂ ತಂದ. ಅವನದು ಸ್ಕೂಟರಿನ ಡಿಕ್ಕಿ ಸೇರಿತು. ಮಗಳು ಸಪ್ನಾಳದು ಕಾಲೇಜಿನ ಚೀಲದ ತಳಕ್ಕೆ ಹೋಯಿತು. ಮೊಳೆಗೆ ಉಳಿದದ್ದು ಹೆಂಡತಿಯದು.

ಚಹಾ, ಗುಳಿಗೆ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೂತ್ರದ ಪಾತ್ರೆ. ಮಾವ ಚಮಚದಿಂದ ಮಂಚದ ಕಬ್ಬಿಣಕ್ಕೆ ಟಣ್ ಟಣ್ ಎಂದು ಬಡಿದಾಗಲೆಲ್ಲ ಶಿವಗಂಗವ್ವ ಎದ್ದು ಹೋಗಬೇಕು. ಸಲಸಲಕ್ಕೂ ಮಾಸ್ಕ್ ಬಿಚ್ಚಿ ಕಟ್ಟುವುದೇ ಇನ್ನೊಂದು ಕೆಲಸವಾಗುತ್ತದೆಂದು ಅವಳು ಅದನ್ನು ಮುಖದ ಮೇಲೇ ಬಿಡತೊಡಗಿದಳು. ರೊಟ್ಟಿ ಬಡಿಯುವಾಗಲೂ, ಬಟ್ಟೆ ಒಗೆಯುವಾಗಲೂ ಅದು ಮುಖದ ಮೇಲೇ. ದಿನಾ ಒಗೆದು ಒಗೆದು ಮೂಗಿನ ಮೇಲಿನ ತಂತಿ ಮುರಿಯಿತು, ಅಂಚು ಸಡಿಲವಾಯಿತು. ಬೇರೆ ಯಾರೂ ಹಾಕದ ಮಾಸ್ಕಿನ ತಂತಿ ಮುರಿದದ್ದು ಬೇರೆ ಯಾರಿಗೆ ಗೊತ್ತಾಗಬೇಕು?

ಮೊದಲು ಕಣ್ಣು ಉರಿಯಿತು. ಉಳ್ಳಾಗಡ್ಡಿ ಇರಬೇಕೆಂದುಕೊಂಡಳು. ಆಮೇಲೆ ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಜೋಳದ ಕಾಳಿನಷ್ಟು ಗಂಟು ಎದ್ದಿತು. ಕೆಳಗಿನ ಮನೆಯ ಮರಾಠಿ ಅಜ್ಜಿ ಅದನ್ನು ರಾಂಜಣವಾಡಿ ಎಂದು ಕರೆದು, ಲವಂಗ ತೇಯ್ದು ಹಚ್ಚು ಎಂದಳು. ಬೇರೆಯವರ ತಿನಿಸಿಗೆ ಆಸೆಪಟ್ಟರೆ ರೆಪ್ಪೆಗೆ ಗಂಟಾಗುತ್ತದೆಂಬ ಹಳೆಯ ಮಾತು ಹಿಡಿದು ಮಾವ ಮಲಗಿದಲ್ಲಿಂದಲೇ, "ಯಾರ ತಾಟಿನಾಗಿನ ಹೋಳಗಿ ಮ್ಯಾಲೆ ಕಣ್ಣ ಹಾಕೀದಿ, ಗಂಗವ್ವಾ?" ಎಂದು ನಕ್ಕರು.

"ನಿಮ್ಮ ತಾಟು ಬಿಟ್ರ ಇನ್ಯಾರ ತಾಟು ನೋಡಾಕ ಪುರಸೊತ್ತು ಅದರಿ ನನಗ, ಮಾವಾರ?"

ಬಸವಪ್ರಭು ಮಾತ್ರ ಗಂಭೀರವಾಗಿ ಹೇಳಿದ. "ಮೊಬೈಲ್ ನೋಡೂದು ಕಮ್ಮಿ ಮಾಡು."

ಅವಳ ಮೊಬೈಲು ಫ್ರಿಜ್ಜಿನ ಮೇಲೆ ಬಿದ್ದಿರುತ್ತಿತ್ತು. ಕರೆ ಬಂದರೆ ಹಿಟ್ಟಿನ ಕೈಯಲ್ಲಿ ಹುಡುಕಬೇಕಾಗುತ್ತಿತ್ತು.

ಕಣ್ಣಿನ ಡಾಕ್ಟರು ಅವರ ಬಡಾವಣೆ ಧನಕವಡಿಯಲ್ಲೇ ಇದ್ದರು. ಸೊಲ್ಲಾಪುರದ ಹೆಣ್ಣುಮಗಳು, ಕನ್ನಡ ಬರುತ್ತಿತ್ತು. ಗಂಟನ್ನು ನೋಡಿ, ಅವಳ ಕೈ ಹಿಡಿದು ಮಾಸ್ಕಿನ ಮೇಲಂಚಿನ ಹತ್ತಿರ ಇಟ್ಟರು. "ಉಸರು ಬಿಡ್ರಿ. ಎಲ್ಲಿ ಬರತದ ನೋಡ್ರಿ." ಬಿಸಿ ಗಾಳಿ ನೇರ ಕಣ್ಣಿಗೆ ಬರುತ್ತಿತ್ತು. ಆ ಗಾಳಿಗೆ ಕಣ್ಣು ಒಣಗುತ್ತದೆ, ರೆಪ್ಪೆಯೊಳಗಿನ ಎಣ್ಣೆಯ ಸಣ್ಣ ಗ್ರಂಥಿಗಳ ಬಾಯಿ ಕಟ್ಟಿಕೊಳ್ಳುತ್ತದೆ, ಅದೇ ಗಂಟಾಗಿರಬೇಕು ಎಂದರು. "ಮಾಸ್ಕ್ ಬಿಡಬ್ಯಾಡ್ರಿ. ಮುದುಕರಿಗೆ ಅದು ಬೇಕು. ಗಟ್ಟಿ ತಂತೀದು ತಗೊಂಡು ಮೂಗಿಗೆ ಒತ್ತಿ ಹಾಕ್ಕೋರಿ. ಗಂಟು ಹಿಚುಕಬ್ಯಾಡ್ರಿ. ದಿನಾ ಮೂರು ಹೊತ್ತು ಬಿಸಿ ಬಟ್ಟಿ ಇಟ್ಟು, ಕಣ್ಣ ಮುಚ್ಚಿ ಹತ್ತು ನಿಮಿಷ ಕೂಡ್ರಿ."

ಔಷಧ ಸುಲಭ ಎನಿಸಿತು. ಕಷ್ಟವಿದ್ದದ್ದು ಕೂಡುವುದರಲ್ಲಿ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಬೆಳಿಗ್ಗೆ ಬಟ್ಟೆ ಬಿಸಿ ಮಾಡಿ ಕೂತರೆ ಟಣ್ ಟಣ್. ಮಧ್ಯಾಹ್ನ ಕೂತರೆ ಗ್ಯಾಸಿನವನು. ಸಂಜೆ ಕೂತರೆ, "ನನ್ನ ನೀಲಿ ಅಂಗಿ ಎಲ್ಲೈತಿ?" ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು, ಕಪಾಟಿನ ಎರಡನೇ ಸಾಲಿನಲ್ಲಿ ಎಂದು. ಆದರೂ ಅಂಗಿ ಗಂಡನ ಕೈಗೆ ಸಿಗುತ್ತಿರಲಿಲ್ಲ, ಅವಳೇ ಏಳಬೇಕಾಗುತ್ತಿತ್ತು. ಬಿಸಿ ಬಟ್ಟೆ ಅಲ್ಲೇ ಬಿದ್ದು ಆರುತ್ತಿತ್ತು. ಗಂಟು ಬೆಳೆದು ರೆಪ್ಪೆ ಅರ್ಧ ಇಳಿಯಿತು.

ಮತ್ತೆ ಹೋದಾಗ ಡಾಕ್ಟರು ಕೇಳಿದರು. "ಬಟ್ಟಿ ಇಡಾಕತ್ತೀರೇನು?"

"ದಿನಾ ಬಿಸಿ ಮಾಡ್ತೀನ್ರಿ."

"ಅದಲ್ಲ. ಕೂಡ್ತೀರೇನು?"

ಡಾಕ್ಟರು ರೆಪ್ಪೆಯನ್ನು ಇನ್ನೊಮ್ಮೆ ಎತ್ತಿ ನೋಡಿದರು.

"ಇನ್ನೆರಡು ವಾರ ನೋಡೂಣು. ಇಳೀಲಿಲ್ಲಂದ್ರ ರೆಪ್ಪಿ ಕೊಯ್ದು ತಗೀಬೇಕಾಗ್ತದ."

ಮನೆಗೆ ನಡೆದು ಬರುವಾಗ ಅವಳಿಗೆ ಹೆದರಿಕೆಗಿಂತ ಸಿಟ್ಟು ಬಂತು. ಹತ್ತು ನಿಮಿಷ ಕೂಡಲಾರದೆ ಕಣ್ಣು ಕೊಯ್ಸಿಕೊಳ್ಳುವುದೇ? ಅದಕ್ಕಾದರೂ ಆಪರೇಷನ್ ಮೇಜಿನ ಮೇಲೆ ಮಲಗಲೇಬೇಕು. ಅದರ ಬದಲು ಮನೆಯಲ್ಲೇ ಕೂತರಾಯಿತು.

ಆ ಸಂಜೆ ಬಿಸಿ ಬಟ್ಟೆ ಹಿಡಿದು ಹೊರಗಿನ ಕೋಣೆಗೆ ಬಂದಳು. ಟಿವಿಯ ಎದುರಿನ ಗಂಡನ ಕುರ್ಚಿ ಖಾಲಿ ಇತ್ತು, ಅದರಲ್ಲೇ ಕೂತಳು. ಬಾತ್‌ರೂಮಿನಿಂದ ಬಂದ ಬಸವಪ್ರಭು ನಿಂತೇ ಬಿಟ್ಟ.

"ಇಲ್ಲ್ಯಾಕ ಕೂತಿ?"

"ಹತ್ತು ನಿಮಿಷ ಕಣ್ಣ ಮುಚ್ಚತೀನ್ರಿ. ಮನಿ ಕಡೆ ನೀವು ನೋಡ್ರಿ."

"ಮನಿ ಎಲ್ಲಿ ಓಡಿ ಹೋಗತದ?" ಅವನು ನಕ್ಕ.

ಟಣ್ ಟಣ್.

"ಅಪ್ಪ ಕರ್ಯಾಕತ್ಯಾನ."

"ಕೇಳಸ್ತದರಿ."

ಮತ್ತೆ ಟಣ್ ಟಣ್. ಸೋಫಾದ ಮೇಲಿದ್ದ ಸಪ್ನಾ ಮೊಬೈಲ್ ಕೆಳಗಿಟ್ಟು ಎದ್ದಳು. "ಇರ್ಲಿ ಬಿಡವ್ವಾ, ನಾ ಹೋಗ್ತೀನಿ."

ಶಿವಗಂಗವ್ವ ಬಟ್ಟೆ ತೆಗೆಯಲಿಲ್ಲ, ಸದ್ದು ಬಂದ ಕಡೆಗೆ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದಳು. "ನೀ ಕೂಡು. ನಾ ಕೂತೀನಂತ ನೀ ಏಳೂದಲ್ಲ. ಅವರಿಗೊಬ್ಬ ಮಗ ಅದಾನ."

"ನನಗ ಅಲ್ಲಿ ಏನೂ ತಿಳಿಯಂಗಿಲ್ಲ" ಎಂದ ಬಸವಪ್ರಭು.

"ಅವರಿಗೆ ಬಾಯಿ ಅದ. ಕೇಳ್ರಿ, ಹೇಳ್ತಾರ."

"ನಿನಗ ಇದು ಶೋಭಾ ಕೊಡ್ತದೇನು?"

"ಕಣ್ಣ ಕೊಯ್ಸಿಕೊಂಡು ಬಂದ್ರ ಶೋಭಾ ಕಾಣ್ತೀನೇನ್ರಿ?"

ಟಿವಿ ಮಾತಾಡುತ್ತಲೇ ಇತ್ತು. ಕುರ್ಚಿಯಿಂದ ಅವಳು ಕದಲಲಿಲ್ಲ. ಕೊನೆಗೆ ಚಪ್ಪಲಿ ಎಳೆದ ಸದ್ದು, ಮೊಳೆಯಿಂದ ಮಾಸ್ಕ್ ತೆಗೆದ ಸದ್ದು, ಬಾಗಿಲ ಸದ್ದು ಕೇಳಿದವು. ಹಳೆಯ ಮಾಸ್ಕನ್ನು ಅವಳು ಬೇಕೆಂದೇ ಎಸೆಯದೆ ಮೊಳೆಗೇ ಬಿಟ್ಟಿದ್ದಳು. ಡಾಕ್ಟರು ಹೇಳಿದ ಮೇಲೆ ಕೊಂಡ ಹೊಸದು ಅವಳ ಮುಖದ ಮೇಲಿತ್ತು.

"ಯಾರ್ರಿ? ಡಾಕ್ಟರ ಬಂದ್ರೇನು?" ಮಾವನ ದನಿ.

"ನಾನಪಾ, ಪ್ರಭು."

"ಹೌದಾ? ಮುಖ ಮುಚ್ಚಿದ್ದಕ್ಕ ಅಲ್ಲ, ಬಂದಿದ್ದಕ್ಕ ಗುರ್ತ ಸಿಗಲಿಲ್ಲ ನೋಡು."

ಸಪ್ನಾ ಕಿಸಕ್ಕೆಂದಳು. ಒಳಗೆ ನೀರಿನ ಲೋಟ ಉರುಳಿತು. ಬಸವಪ್ರಭು ಹೊರಗೆ ಬಂದಾಗ ಅಂಗಿ ಒದ್ದೆಯಾಗಿತ್ತು, ಕನ್ನಡಕದ ಎರಡೂ ಗಾಜು ಬೆಳ್ಳಗಾಗಿದ್ದವು.

"ಏನೂ ಕಾಣವಲ್ದು! ಉಸರೆಲ್ಲಾ ಮ್ಯಾಲೆ ಬಂದು ಚಷ್ಮಾಕ್ಕ ಬಡೀತದ. ಎಂಥಾ ಮಾಸ್ಕ್ ಇದು!"

"ನಾ ಇಷ್ಟು ದಿನ ಹಾಕಿದ್ದ ಮಾಸ್ಕ್ ಅದು" ಎಂದಳು ಶಿವಗಂಗವ್ವ. "ನನಗ ಚಷ್ಮಾ ಇಲ್ಲ. ಕಣ್ಣಿಗೇ ಬಡೀತಿತ್ತು."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ, ಮತ್ತೂ ಒರೆಸಿದ. ಆಮೇಲೆ ಮೆಲ್ಲಗೆ, "ಇನ್ನೆಷ್ಟೊತ್ತು?" ಎಂದ.

"ಬಟ್ಟಿ ಆರೇದ. ಒಲಿ ಮ್ಯಾಲೆ ನೀರು ಅದಾವು. ಅದ್ದಿ, ಹಿಂಡಿ ಕೊಡ್ರಿ. ಭಾಳ ಬಿಸಿ ಬ್ಯಾಡ."

ಮರುದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ಬಾಗಿಲಿಗೆ ಇನ್ನೊಂದು ಮೊಳೆ ಹೊಡೆದಳು. ಅದಕ್ಕೆ ಗಟ್ಟಿ ತಂತಿಯ ಮಾಸ್ಕ್ ತೂಗಿಹಾಕಿ ಗಂಡನಿಗೆ ತೋರಿಸಿದಳು. ಅವನು ಗೊಣಗದೆ ಇರಲಿಲ್ಲ. ಸಂಜೆಯ ಟಣ್ ಟಣ್ ಮಾತ್ರ ಅವನ ಪಾಲಿಗೆ ಬಂತು. ಬೆಳಗಿನ ಪಾಲಿಗಾಗಿ ಇನ್ನೂ ಜಗಳ ನಡೆದಿತ್ತು.

ಎರಡು ವಾರದ ಮೇಲೆ ಡಾಕ್ಟರು ರೆಪ್ಪೆ ಮುಟ್ಟಿ ನೋಡಿದರು. ಗಂಟು ಪೂರ್ತಿ ಹೋಗಿರಲಿಲ್ಲ, ಮೆತ್ತಗಾಗಿ ಸಣ್ಣದಾಗಿತ್ತು. "ಕೊಯ್ಯೂದು ಬ್ಯಾಡ" ಎಂದರು. "ಈಗ ಕೂಡಾಕತ್ತೀರಂತ ಕಾಣತದ. ಇನ್ನಷ್ಟು ದಿನ ಹಿಂಗ ಮಾಡ್ರಿ, ಗಂಟು ಹೋದ ಮ್ಯಾಲೆ ಬಿಟ್ರ ನಡೀತದ."

"ಬಟ್ಟಿ ಬಿಡ್ತೀನ್ರಿ" ಎಂದಳು ಶಿವಗಂಗವ್ವ, ಹೊಸ ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿಕೊಳ್ಳುತ್ತ. "ಕೂಡೂದು ಬಿಡಾಕಿ ಅಲ್ಲ."