ಗಾಳಿಗೆ ಬಿಟ್ಟ ಗೇಣು

ನಾನು ಗೇಣಣ್ಣನನ್ನು ಮೊದಲು ಕಂಡ ದಿನ ಆತ ನಮ್ಮ ಶಾಲೆಯ ಆರನೆಯ ತರಗತಿಯನ್ನು ಎರಡು ಹೋಳು ಮಾಡುತ್ತಿದ್ದ. ಆ ವರ್ಷ ಬೆಂಚಿಗೆ ಮೂವರಿದ್ದ ಮಕ್ಕಳು ಐವರಾಗಿದ್ದರು. ಮಿಕ್ಕವರು ಕಿಟಕಿಯ ಕಟ್ಟೆಯನ್ನೂ ಬಿಟ್ಟಿರಲಿಲ್ಲ. ಹೆಚ್ಚಿನವರು ಆ ನಗರದಲ್ಲಿ ಹುಟ್ಟಿದವರಲ್ಲ. ಅಪ್ಪ ಅಮ್ಮನ ಸೊಂಟದ ಮೇಲೋ ಟ್ರಂಕಿನ ಮೇಲೋ ಕುಳಿತು ಬಂದವರು. ಹೊಸ ಕೋಣೆ ಕಟ್ಟಲು ಜಾಗವಿರಲಿಲ್ಲ. ಇದ್ದ ಕೋಣೆಗೇ ನಡುವೆ ಹಲಗೆ ನಿಲ್ಲಿಸಿ ಎಂದು ಹೆಡ್‌ಮಾಸ್ಟರರು ಬಡಗಿಯನ್ನು ಕರೆಸಿದ್ದರು.

ಹಲಗೆ ನಿಂತಿತು, ಆದರೆ ಸೂರು ಮುಟ್ಟಲಿಲ್ಲ.

"ಏನಪ್ಪಾ, ಹಲಗೆ ಸಾಲಲಿಲ್ವಾ?" ಎಂದೆ.

"ಸಾಲದೆ ಏನು ಮೇಷ್ಟ್ರೇ. ಮೇಲೆ ಒಂದು ಗೇಣು ಬಿಡೋದು ನನ್ನ ರೂಢಿ. ಕೋಣೆ ಎರಡು ಮಾಡಬಹುದು, ಗಾಳೀನ ಎರಡು ಮಾಡಕ್ಕಾಗಲ್ಲ."

"ಗಾಳಿ ಜೊತೆ ಆಚೆ ಕಡೆ ಗಣಿತವೂ ಬರುತ್ತಲ್ಲಯ್ಯಾ."

"ಬರಲಿ ಬಿಡಿ. ಪುಕ್ಕಟೆ ಪಾಠ."

ಬಂದೇ ಬಂತು. ಆಚೆ ಗಣಿತದ ಮೇಡಂ ಪ್ರಶ್ನೆ ಕೇಳಿದರೆ ಈಚೆ ನನ್ನ ಮಕ್ಕಳು ಸಮಾಸವನ್ನು ಅರ್ಧಕ್ಕೆ ಬಿಟ್ಟು ಮಗ್ಗಿ ಒಪ್ಪಿಸುತ್ತಿದ್ದರು. ಮುಂದೆ ವರ್ಷ ವರ್ಷವೂ ಶಾಲೆಗೆ ಅಡ್ಡಹಲಗೆಯ ಕೆಲಸ ಬಂತು. ಜೊತೆಗೆ ಆತನ ಕಥೆಯೂ ತುಂಡು ತುಂಡಾಗಿ ಬಂತು.

ಆತನಿಗೆ ಗೇಣಣ್ಣ ಎಂಬ ಹೆಸರು ಕೊಟ್ಟದ್ದು ಆ ಒಂದು ಗೇಣೇ. ನೀರಿನ ಟ್ಯಾಂಕಿನ ಹಿಂದಿನ ನಾಲ್ಕು ಮಹಡಿಯ ಕಟ್ಟಡಕ್ಕೆ ಹೆಂಡತಿಯೊಡನೆ ಬಾಡಿಗೆಗೆ ಬಂದಾಗ ಅಲ್ಲಿ ಮಹಡಿಗೆ ನಾಲ್ಕು ಸಂಸಾರಗಳಿದ್ದವು. ಕೆಲವೇ ವರ್ಷಗಳಲ್ಲಿ ಅವನ ಕೈಯಿಂದಲೇ ಅವು ಮೂರು ಪಟ್ಟಾದವು. ಅಡುಗೆಮನೆ ಮಲಗುವ ಮನೆಯಾಯಿತು. ಹಜಾರದಲ್ಲಿ ಮೂರು ಒಲೆ ಹೊತ್ತಿದವು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಬ್ಬ ಇಸ್ತ್ರಿಯವನು ಸಂಸಾರ ಹೂಡಿದ. ಬಂದವರಲ್ಲಿ ಮುಕ್ಕಾಲು ಪಾಲು ಗೇಣಣ್ಣನ ಊರಿನವರು. ಒಬ್ಬ ನೆಲೆ ಕಂಡರೆ ಅವನ ಭಾವಮೈದುನ ಬರುತ್ತಿದ್ದ, ಭಾವಮೈದುನನ ಬೆನ್ನಿಗೆ ಷಡ್ಡಕ. ಬಂದವರನ್ನೆಲ್ಲ ಕಟ್ಟಡದ ಮಾಲೀಕರು ಗೇಣಣ್ಣನ ಬಳಿಗೆ ಅಟ್ಟುತ್ತಿದ್ದರು. ಅವನು ಅಳತೆಯ ಟೇಪು ಹಿಡಿದು ಏಳುತ್ತಿದ್ದ.

ಆ ಜನರಲ್ಲಿ ಒಂದು ಕಟ್ಟುಪಾಡಿತ್ತು. ಕೋಣೆಯನ್ನು ಪಾಲು ಮಾಡಿದಾಗ ಕಿಟಕಿಯ ಪಾಲು ಹೊಸದಾಗಿ ಬಂದವರಿಗೆ. ಬಯಲಿನಲ್ಲಿ ಬೆಳೆದವನನ್ನು ಮೊದಲ ದಿನವೇ ಮುಚ್ಚಿದ ಗೂಡಿನಲ್ಲಿ ಮಲಗಿಸಿದರೆ ಅವನು ಹೆದರಿ ಊರಿಗೆ ಓಡಿಹೋಗುತ್ತಾನೆಂಬುದು ಅವರು ಕಂಡುಂಡ ಸತ್ಯ. ಮುಂದಿನವರು ಬಂದಾಗ ಇವರು ತಾವಾಗಿಯೇ ಒಳಗಿನ ಪಾಲಿಗೆ ಸರಿಯಬೇಕು. ಯಾರೂ ಇದನ್ನು ಬರೆದಿಟ್ಟಿರಲಿಲ್ಲ. ಮೀರಿದವರೂ ಇರಲಿಲ್ಲ.

ಗೇಣಣ್ಣನ ಕೋಣೆಯನ್ನು ಮಾತ್ರ ಎಲ್ಲರೂ ಸೇರಿ ಈ ಕಟ್ಟುಪಾಡಿನಿಂದ ಹೊರಗಿಟ್ಟಿದ್ದರು. ಅವನ ಹೆಂಡತಿಗೆ ಉಬ್ಬಸ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಅವಳು ಅಂಗಡಿಗಳಿಗೆ ಅಂಗಿ ಹೊಲಿದುಕೊಡುತ್ತಿದ್ದಳು. ಉಸಿರು ಸಿಕ್ಕಿಕೊಂಡಾಗ ಎರಡೂ ಕೈಯಲ್ಲಿ ಸರಳು ಹಿಡಿದು ಮುಖವನ್ನು ಕಿಟಕಿಗೆ ಒತ್ತಿ ನಿಲ್ಲುತ್ತಿದ್ದಳು. ಬೀದಿಯಲ್ಲಿ ಹೋಗುವವರು, ಈಕೆ ಯಾರದೋ ದಾರಿ ಕಾಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಗೇಣಣ್ಣನ ತಮ್ಮ ಊರಿನಿಂದ ಫೋನು ಮಾಡಿದ. ಕೆಲಸವಿಲ್ಲ, ಹೆಂಡತಿ ತುಂಬಿದ ಬಸುರಿ.

"ಬಾರೋ, ಜಾಗ ಆಗುತ್ತೆ. ಜಾಗ ಮಾಡೋದೇ ನನ್ನ ಕಸುಬು" ಎಂದ ಗೇಣಣ್ಣ.

ಹೆಂಡತಿ ಮಷೀನು ನಿಲ್ಲಿಸಿದಳು. "ಯಾರ ಜಾಗದಲ್ಲಿ ಜಾಗ ಮಾಡ್ತೀರಿ?"

"ಇಲ್ಲೇ. ನಮ್ಮದರಲ್ಲೇ."

"ಕಿಟಕಿ ಯಾರ ಕಡೆ ಬರುತ್ತೆ?"

ಗೇಣಣ್ಣ ಟೇಪನ್ನು ಎಳೆಯುತ್ತ, ಬಿಡುತ್ತ ನಿಂತ. "ಬಸುರಿ ಹೆಂಗಸು ಕಣೇ. ಮಗು ಅಂಬೆಗಾಲಿಡೋ ತನಕ ಅಷ್ಟೆ. ಊರಿಗೆಲ್ಲ ಸರೀರಿ ಸರೀರಿ ಅಂತ ಹೇಳೋನು ತಾನು ಸರಿಯಲ್ಲ ಅಂತ ನಾಲ್ಕು ಜನ ಆಡಿಕೊಳ್ಳಬಾರದು. ಮೇಲೆ ಗೇಣು ಬಿಟ್ಟೇ ಬಿಡ್ತೀನಲ್ಲ."

"ಆಡೋರು ನಾಲ್ಕು ಜನ. ಉಸಿರಾಡಬೇಕಾದೋಳು ನಾನು" ಎಂದಳು ಅವಳು. ಮಷೀನನ್ನು ತಾನೇ ಎಳೆದು ಒಳಗಿನ ಪಾಲಿಗೆ ತಂದಳು. ಆಗಲೇ ಅವಳಿಗೆ ಏದುಸಿರು ಹತ್ತಿತ್ತು.

ಮೊದಮೊದಲು ಗೇಣಣ್ಣನ ಲೆಕ್ಕಾಚಾರ ಸುಳ್ಳಾಗಲಿಲ್ಲ. ತಮ್ಮನ ಕಡೆಯ ಕಿಟಕಿಯಿಂದ ಬಂದ ಗಾಳಿ ಹಲಗೆಯ ಮೇಲಿಂದ ಇಳಿದು ಮಂಚದವರೆಗೆ ತಲಪುತ್ತಿತ್ತು. ಓರಗಿತ್ತಿಯರು ಕಾಣದೆಯೇ ಮಾತಾಡಿಕೊಳ್ಳುತ್ತಿದ್ದರು. ಕೂಸು ಹುಟ್ಟಿದ ಮೇಲೆ ಗೇಣಣ್ಣನ ಹೆಂಡತಿ ಹಳೆಯ ಬಟ್ಟೆಯಲ್ಲಿ ಅಂಗಿ ಹೊಲಿದು, ಕೋಲಿಗೆ ಸಿಕ್ಕಿಸಿ, ಮೇಲಿಂದ ಆಚೆಗೆ ದಾಟಿಸುತ್ತಿದ್ದಳು. "ಅಕ್ಕಾ, ಈ ಸಲ ತೋಳು ಉದ್ದ" ಎಂದು ಆಚೆಯಿಂದ ನಗು ಬರುತ್ತಿತ್ತು. "ಮಗು ಬೆಳೆಯಲ್ವೇನೇ" ಎಂದು ಈಚೆಯಿಂದ ಉತ್ತರ.

ಮಗು ಬೆಳೆಯಿತು. ಅಂಬೆಗಾಲಿಟ್ಟು ಎದ್ದು ನಡೆಯಿತು. ತಮ್ಮನೂ ಬೆಳೆದ. ಮಾತಿನಲ್ಲಿ ಚುರುಕಾಗಿದ್ದ ಅವನನ್ನು ಮಾಲೀಕರು ಕಟ್ಟಡದ ಮೇಲ್ವಿಚಾರಕನನ್ನಾಗಿ ಮಾಡಿದರು. ಬಾಡಿಗೆ ಎತ್ತುವವನು ಅವನೇ, ಯಾರು ಇರಬೇಕು ಯಾರು ಬಿಡಬೇಕು ಎಂದು ಹೇಳುವವನೂ ಅವನೇ. ಊರಿನಿಂದ ಮತ್ತೊಂದು ಸಂಸಾರ ಬಂದಿಳಿದಾಗ ಗೇಣಣ್ಣನ ಹೆಂಡತಿ ಬೆಳಿಗ್ಗೆಯೇ ಗುಡಿಸಿ, ಮಷೀನಿಗೆ ಎಣ್ಣೆ ಬಿಟ್ಟು ಕಾದಳು. ಮಗು ನಡೆದಾಯಿತು, ಹೊಸಬರು ಬಂದರೆಂದರೆ ಮೈದುನ ಬೇರೆಲ್ಲಾದರೂ ಒಳಪಾಲಿಗೆ ಸರಿಯಬೇಕು, ಈ ಕೋಣೆ ಕಟ್ಟುಪಾಡಿನ ಹೊರಗಿರುವುದರಿಂದ ಕಿಟಕಿ ತನಗೇ ಮರಳಬೇಕು ಎಂಬುದು ಅವಳ ಎಣಿಕೆ. ಆದರೆ ತಮ್ಮ ಆ ಹೊಸ ಸಂಸಾರವನ್ನು ತಾರಸಿಯ ಮೇಲೆ ತಗಡಿನ ಗೂಡಿಗೆ ಹತ್ತಿಸಿದ.

"ಕಟ್ಟುಪಾಡು ಇದೆಯಲ್ಲೋ" ಎಂದ ಗೇಣಣ್ಣ.

"ಅದು ನಿಮ್ಮ ಕಾಲದ್ದು ಅಣ್ಣ. ಆಗ ದಿನಕ್ಕೊಬ್ಬರು ಬರ್ತಿದ್ರು, ಈಗ ಬಸ್ಸಿಗೊಂದು ಹಿಂಡು ಬರುತ್ತೆ. ಎಲ್ಲರಿಗೂ ಕಿಟಕಿ ಹಂಚ್ತಾ ಕೂತ್ರೆ ಗೋಡೇನೇ ಉಳಿಯಲ್ಲ."

ಅದಾದ ಕೆಲವು ದಿನಕ್ಕೆ ತಮ್ಮ ಹಲಗೆಯ ಆಚೆಯಿಂದಲೇ ಮಾತು ತೆಗೆದ. "ಅಣ್ಣ, ಅತ್ತಿಗೆ ಕೆಮ್ಮು ಮೇಲಿಂದ ಬಂದು ಮಗೂಗೆ ತಗಲುತ್ತೆ ಅಂತ ಇವಳಿಗೆ ಭಯ. ಆ ಸಂದಿ ಒಂದು ಮುಚ್ಚಿಬಿಡು."

"ಉಬ್ಬಸ ಅಂಟುಜಾಡ್ಯ ಅಲ್ಲ ಕಣೋ."

"ನನಗೆ ಗೊತ್ತು. ಇವಳಿಗೆ ಯಾರು ಹೇಳ್ತಾರೆ? ನಿನಗೆ ಬೇಜಾರಾದ್ರೆ ಬೇರೆ ಬಡಗೀನ ಕರೀತೀನಿ."

ಹಾಗಾದರೆ ಕಿಟಕಿಯ ಪಾಲು ಬಿಡು ಎಂಬ ಮಾತು ಗೇಣಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಎಷ್ಟೋ ಮಂದಿಗೆ ಎಷ್ಟೋ ಸಲ ಹೇಳಿದ್ದ. ಅವರು ಗೊಣಗದೆ ಸರಿದಿದ್ದರು. ಆದರೆ ಈಗ ಎದುರಿಗಿದ್ದವನು ಒಡಹುಟ್ಟಿದವನು ಮಾತ್ರವಲ್ಲ, ಮಾಲೀಕರ ಕಿವಿ. ಆ ಕಿವಿಗೆ ಕಹಿಯಾದರೆ ಇದ್ದ ಅರ್ಧ ಕೋಣೆಗೂ ಸಂಚಕಾರ. ಹೊರಗೆ ಅಂಥದೇ ಅರ್ಧಕ್ಕೆ ಜನ ಸಾಲುಗಟ್ಟಿ ನಿಂತಿದ್ದರು, ಅವರಲ್ಲಿ ಕೆಲವರನ್ನು ಕರೆಸಿದವನು ಗೇಣಣ್ಣನೇ. "ನೋಡೋಣ" ಎಂದ. ಹೆಂಡತಿ ಮಂಚದ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಅವನು ಹಲಗೆ ತಂದ. ಅಳೆಯುವ ಅಗತ್ಯವೇ ಬೀಳಲಿಲ್ಲ. ಸ್ಟೂಲಿನ ಮೇಲೆ ಹತ್ತಿದಾಗ ಅದು ಅಲುಗಾಡಿತು. ಹೆಂಡತಿ ಎದ್ದು ಬಂದು ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಂತಳು.

"ನೀನ್ಯಾಕೆ ಬಂದೆ? ಮಲಕ್ಕೋ."

"ಬಿದ್ದು ಕೈಕಾಲು ಮುರ್ಕೊಂಡ್ರೆ ಅದನ್ನೂ ನಾನೇ ನೋಡಬೇಕು. ಹೊಡೀರಿ."

ಅವನು ಮೊಳೆ ಹೊಡೆದ. ಅವಳು ಮುಖವೆತ್ತಿ ನೋಡುತ್ತಲೇ ಇದ್ದಳು. ಹೊಟ್ಟು ಕಣ್ಣಿಗೆ ಉದುರಿದರೂ ಕದಲಲಿಲ್ಲ.

"ಭಾವ, ಆ ಮೂಲೇಲಿ ಇನ್ನೂ ಸಂದಿ ಕಾಣ್ತಿದೆ" ಎಂದು ಆಚೆಯಿಂದ ತಮ್ಮನ ಹೆಂಡತಿ ಹೇಳಿದಳು.

ಗೇಣಣ್ಣನ ಕೈ ನಿಂತಿತು. ಹೆಂಡತಿಯೇ ಕೆಳಗಿನಿಂದ ಮೊಳೆ ಎತ್ತಿ ಕೊಟ್ಟಳು. "ಮುಚ್ಚಿ. ಮಾಡೋ ಕೆಲಸ ನೆಟ್ಟಗೆ ಮಾಡಿ. ನಿಮ್ಮ ಹೆಸರು ಕೆಡೋದು ಬೇಡ."

ಮಳೆಗಾಲ ಹಿಡಿಯುವ ಮೊದಲೇ ಅವಳು ಬಟ್ಟೆ ಕಟ್ಟಿದಳು. ಚಿಕ್ಕ ಪಟ್ಟಣದಲ್ಲಿ ಅವಳ ಅಕ್ಕನಿದ್ದಳು. "ಎಷ್ಟು ದಿನಕ್ಕೆ?" ಎಂದು ಗೇಣಣ್ಣ ಕೇಳಿದ್ದಕ್ಕೆ, "ಉಸಿರು ಬರೋ ತನಕ" ಎಂದಳು. ಬಸ್ ನಿಲ್ದಾಣದಲ್ಲಿ ಬರುವ ಬಸ್ಸುಗಳಿಂದ ಜನ ಉಕ್ಕಿ ಇಳಿಯುತ್ತಿದ್ದರು. ಮೂಟೆ, ಮಕ್ಕಳು, ಸುತ್ತಿದ ಚಾಪೆ. ಹೋಗುವ ಬಸ್ಸಿನಲ್ಲಿ ಅವಳ ಜೊತೆ ಇಬ್ಬರೋ ಮೂವರೋ. "ನೋಡಿ, ಎಷ್ಟೊಂದು ಜಾಗ" ಎಂದು ಅವಳು ನಕ್ಕಳು.

ಗೇಣಣ್ಣನಿಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಕಟ್ಟಡದ ಕೆಲಸ ಮುಗಿದಿಲ್ಲ. ಹೋದ ತಿಂಗಳು ತಾರಸಿಯ ತಗಡಿನ ಗೂಡನ್ನೂ ಎರಡು ಮಾಡಿ ಬಂದ. ಈಗ ಎಲ್ಲ ಹಲಗೆಗಳೂ ಸೂರು ಮುಟ್ಟುತ್ತವೆ, ಜನ ಹಾಗೇ ಕೇಳುತ್ತಾರೆ. ಅವನ ಒಳಪಾಲಿಗೆ ತಮ್ಮ ಒಬ್ಬ ಡ್ರೈವರನನ್ನು ತಂದು ಸೇರಿಸಿದ್ದಾನೆ, ತನ್ನ ಹೆಂಡತಿಯ ಕಡೆಯವನು. "ಹಗಲು ಮಾತ್ರ ಮಲಗ್ತಾನೆ ಅಣ್ಣ. ಹಗಲು ಹೇಗೂ ನೀನಿರಲ್ಲ, ಅತ್ತಿಗೆ ಮಂಚ ಸುಮ್ಮನೆ ಬಿದ್ದಿದೆ" ಎಂದಿದ್ದ. ಗೇಣಣ್ಣ ಆಗಲೂ "ನೋಡೋಣ" ಎಂದಿದ್ದ. ಸಂಜೆ ಬಂದು ನೋಡಿದಾಗ ಹೊಲಿಗೆ ಮಷೀನು ಮೂಲೆಗೆ ಸರಿದು, ಅದರ ಮೇಲೆ ಡ್ರೈವರನ ಅಂಗಿ ನೇತಾಡುತ್ತಿತ್ತು.

ಭಾನುವಾರ ಹೆಂಡತಿಯ ಫೋನು ಬರುತ್ತದೆ. ಒಳಗೆ ಡ್ರೈವರನು ಮಲಗಿರುವುದರಿಂದ ಗೇಣಣ್ಣ ಓಣಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾನೆ. ಉಸಿರು ಈಗ ಹಗುರಾಗಿದೆ, ಅಕ್ಕನ ಮನೆಯಲ್ಲಿ ಎಷ್ಟು ದಿನ ಅಂತ ಇರಲಿ, ಬಂದುಬಿಡಲೇ ಎಂದು ಅವಳು ಕೇಳುತ್ತಾಳೆ.

"ಈಗ ಬೇಡ ಕಣೇ. ರಸ್ತೆ ಅಗೆದಿದ್ದಾರೆ, ಧೂಳು ಜಾಸ್ತಿ" ಎನ್ನುತ್ತಾನೆ.

"ನನ್ನ ಮಂಚ ಹಾಗೇ ಇದೆ ತಾನೆ?"

"ಹಾಗೇ ಇದೆ" ಎನ್ನುತ್ತಾನೆ ಗೇಣಣ್ಣ.