ಊರು ಸುತ್ತಿ ಬಂದ ಖಣ

ಮುಂಬಯಿ ಪಕ್ಕದ ಐರೋಲಿಯ ಸೌಭಾಗ್ಯಳಿಗೆ ಏನನ್ನೂ ಎಸೆದು ಗೊತ್ತಿಲ್ಲ. ತರಕಾರಿ ಸಿಪ್ಪೆ ಗೊಬ್ಬರದ ಡಬ್ಬಿಗೆ, ಅಕ್ಕಿ ತೊಳೆದ ನೀರು ತುಳಸಿಗೆ, ಹಳೆಯ ಸೀರೆ ಕೌದಿಗೆ. ಅಂಥವಳನ್ನು ನೌಪಾಡಾದ ಕನ್ನಡ ಮಹಿಳಾ ಮಂಡಳದವರು ‘ನಾಳಿನ ಜಗತ್ತು ಹೇಗೆ ಬದುಕಬೇಕು’ ಎಂದು ಮಾತಾಡಲು ಕರೆದರೆ ಬಿಟ್ಟಾಳೆಯೇ? ಮಹಡಿಗೊಂದೇ ಮಿಕ್ಸರ್, ಬಿಲ್ಡಿಂಗಿಗೊಂದೇ ಕಾರು, ಯಾರೂ ಹೊಸದು ಕೊಳ್ಳದೆ ಇದ್ದದ್ದನ್ನೇ ಮನೆಯಿಂದ ಮನೆಗೆ ದಾಟಿಸುವ ಊರೊಂದನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದಳು.

“ನಮ್ಮ ಉಡಿ ತುಂಬೋ ರವಿಕಿ ಖಣಾನ ನೋಡ್ರಿ. ಯಾರರ ಹೊಲಿಸ್ಕೋತೀರೇನು? ಅವರು ಕೊಟ್ಟದ್ದು ಇವರಿಗೆ, ಇವರು ಕೊಟ್ಟದ್ದು ಮತ್ತೊಬ್ಬರಿಗೆ! ನಾಳಿನ ಜಗತ್ತೂ ಹಂಗ ನಡೀಬೇಕು!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಕಲ್ಲವ್ವನೂ ನಕ್ಕಳು.

ಕಲ್ಲವ್ವ ಗುಳೇದಗುಡ್ಡದ ನೇಕಾರರ ಮಗಳು, ಶಹಾಡಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ತನ್ನ ತಾಯಿ ತೀರಿಕೊಂಡಾಗ ಸೌಭಾಗ್ಯ “ಇನ್ನ ನನಗ ತವರಿಲ್ಲ” ಎಂದು ಅತ್ತಿದ್ದಳು. ಆಗ ಉಡಿ ತುಂಬಿ, “ನಾ ಇದ್ದೀನಲ್ರಿ ಅಕ್ಕಾರ” ಎಂದವಳು ಈ ಕಲ್ಲವ್ವನೇ.

ಭಾಷಣ ಮುಗಿಸಿ ಇಬ್ಬರೂ ಐರೋಲಿಗೆ ಬಂದು ಉಂಡರು. ಹೊರಟು ನಿಂತವಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಸೌಭಾಗ್ಯ ಕಪಾಟಿನ ಚೀಲಕ್ಕೆ ಕೈ ಹಾಕಿ, ಸಿಕ್ಕ ಖಣವೊಂದನ್ನು ಅಕ್ಕಿ, ಕೊಬ್ಬರಿ ಬಟ್ಟಲ ಜೊತೆ ಅವಳ ಉಡಿಗೆ ಹಾಕಿದಳು. ಕಲ್ಲವ್ವ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಮುಖದ ನಗು ಹೋಯಿತು.

“ನಮ್ಮವ್ವ ನೇಯ್ದದ್ದರಿ ಇದು. ಆಕಿ ಕಡೀಕ ನೇಯ್ದ ಖಣ. ಅವತ್ತ ನಿಮಗ ಕೊಟ್ಟಿದ್ದೆ.”

ಸೌಭಾಗ್ಯಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಎಂಥ ಕೆಲಸ ಮಾಡಿದೆ! ತವರಿನ ಉಡಿಯನ್ನೂ ಚೀಲಕ್ಕೆ ತುರುಕಿದ್ದೆನಲ್ಲ!

“ತಪ್ಪಾತ ಕಲ್ಲವ್ವ. ಇಲ್ಲಿ ಕೊಡು, ನಾಳೇನ ಹೊಲಿಸಿ ತೊಟ್ಕೋತೀನಿ.”

“ತುಂಬಿದ ಉಡಿ ಹೊಳ್ಳಿ ಕೊಡಬಾರದ್ರಿ. ಇರಲಿ ಬಿಡ್ರಿ, ಮನೀಗೇ ಬಂತಲ್ಲ,” ಎಂದು ಕಲ್ಲವ್ವ ಸೆರಗು ಗಂಟು ಹಾಕಿದಳು. “ಬರ್ತೀನ್ರಿ.”

ಅವಳು ಹೋದ ಮೇಲೆ ಸೌಭಾಗ್ಯ ಚೀಲವನ್ನು ಹಾಸಿಗೆಯ ಮೇಲೆ ಸುರಿದಳು. ಹಸಿರು, ಕೆಂಪು, ಅರಿಶಿನ, ಎಷ್ಟೊಂದು! ಯಾವುದನ್ನು ಯಾರು ಕೊಟ್ಟಿದ್ದರು? ಒಂದಾದರೂ ನೆನಪಾಗಲಿಲ್ಲ. ಅಷ್ಟರಲ್ಲಿ ಡೊಂಬಿವಲಿಯ ಮಂಡಳದವರ ಫೋನು.

“ನಮ್ಮಲ್ಲೂ ಮಾತಾಡಾಕ ಬರ್ರಿ. ಆ ಖಣದ ಮಾತು ಮಾತ್ರ ಮರೀಬ್ಯಾಡ್ರಿ ಮತ್ತ!”

“ಬ್ಯಾರೆಯವರನ್ನ ಕರೀರಿ,” ಎಂದು ಸೌಭಾಗ್ಯ ಫೋನು ಇಟ್ಟಳು. ಹೋಗುವಾಗ ಕಲ್ಲವ್ವ ‘ಅಕ್ಕಾರ’ ಎಂದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.